ತುಂಗಕ್ಕನ ಮನೆ ಹಸಿರಾದದ್ದು

ನಾನು ಕತ್ತರಿಸಿದ ಬೇಲಿ ಎಡಕ್ಕೆ ವಾಲುತ್ತದೆ. ಇದನ್ನು ನಾನು ಯಾರಿಗೂ ಹೇಳಿಲ್ಲ. ದಿನಚರಿಯಲ್ಲಿ ಒಮ್ಮೆ ಬರೆದೆ, ಬರೆದ ಮೇಲೆ ನಾಚಿಕೆಯಾಗಿ ಆ ಸಾಲನ್ನು ಹೊಡೆದುಹಾಕಿದೆ. ಬೀದಿಯಲ್ಲಿ ಹೋಗುವವರು ನಮ್ಮ ಮನೆಯ ಮುಂದೆ ಸ್ವಲ್ಪ ನಿಧಾನ ಮಾಡುತ್ತಾರೆ, ಬೇಲಿಯ ತಲೆಯನ್ನು ನೋಡುತ್ತಾರೆ, ಏನೂ ಅನ್ನದೆ ಮುಂದೆ ಹೋಗುತ್ತಾರೆ. ಏನಾದರೂ ಅಂದಿದ್ದರೆ ವಾಸಿ. ಅವರು ಆಡದೆ ಹೋದ ಮಾತನ್ನು ನಾನು ಮಧ್ಯಾಹ್ನವಿಡೀ ಅವರ ಪರವಾಗಿ ಮನಸ್ಸಿನಲ್ಲೇ ಆಡಿಕೊಳ್ಳುತ್ತಿರುತ್ತೇನೆ: ಓದಿದ ಹುಡುಗಿಯಂತೆ, ಒಂದು ಬೇಲಿ ನೆಟ್ಟಗೆ ಕತ್ತರಿಸೋಕೆ ಬರಲ್ಲ.

ಮೊದಲು ಅಮ್ಮ ಕತ್ತರಿಸುತ್ತಿದ್ದಳು. ಆಗ ನಮ್ಮ ಬೇಲಿಯ ಮೇಲೆ ನೀರು ತುಂಬಿದ ತಟ್ಟೆ ಇಟ್ಟರೂ ಚೆಲ್ಲುತ್ತಿರಲಿಲ್ಲ. ಹೋದ ಬೇಸಿಗೆಯಲ್ಲಿ ಅವಳ ಬಲಭುಜ ಹಿಡಿದುಕೊಂಡಿತು. ತಲೆ ಬಾಚಿಕೊಳ್ಳುವುದಕ್ಕೂ ಕೈ ಮೇಲೇಳದಾಯಿತು. ಅಪ್ಪ ನಾನು ಕಾಲೇಜು ಸೇರುವ ಮೊದಲೇ ತೀರಿಕೊಂಡಿದ್ದರು. ನಾನು ಡಿಗ್ರಿ ಮುಗಿಸಿ, ಸಂದರ್ಶನಕ್ಕೆ ಕರೆದ ಕಡೆಯೆಲ್ಲ ಬಾಯಿ ಒಣಗಿಸಿಕೊಂಡು ಕೂತು, ಕೇಳಿದ್ದಕ್ಕೆ ತಲೆಯಾಡಿಸಿ ವಾಪಸು ಬಂದು ಮನೆಯಲ್ಲಿದ್ದೆ. ಕತ್ತರಿ ನನ್ನ ಕೈಗೆ ಬಂತು.

"ಬುಡ ಅಗಲ ಬಿಡೇ, ತಲೆ ಒಳಕ್ಕೆ ಎಳ್ಕೋ," ಎಂದು ಅಮ್ಮ ಜಗುಲಿಯ ಮೇಲೆ ಕೂತು ಹೇಳುತ್ತಾಳೆ. "ಬುಡಕ್ಕೆ ಬೆಳಕು ಬೀಳ್ದೇ ಇದ್ರೆ ಕೆಳಗಡೆ ಬೋಳಾಗತ್ತೆ."

"ಎಳ್ಕೊಂಡಿದೀನಮ್ಮ."

"ನೀನು ಎಳ್ಕೊಂಡಿರೋದು ಬೇಲೀನಲ್ಲ, ನಿನ್ನ ಭುಜಾನ. ನೆಟ್ಟಗೆ ನಿಂತ್ಕೋ. ಯಾರೂ ನಿನ್ನ ತಿನ್ನಲ್ಲ."

ನಮ್ಮ ಊರಿನಲ್ಲಿ ಬೇಲಿ ಇಲ್ಲದ ಮನೆಯಲ್ಲಿ ಯಾರೂ ಮಲಗುವುದಿಲ್ಲ. ಹೊಸ ಮನೆ ಕಟ್ಟುವವರು ಪಾಯ ತೆಗೆಯುವುದಕ್ಕೂ ಮೊದಲು, ಮಳೆ ಹಿಡಿದ ವಾರ ನೋಡಿ, ಸುತ್ತಲೂ ಬೇಲಿಗಿಡದ ಕಡ್ಡಿ ಊರುತ್ತಾರೆ. ಅದು ಸಣ್ಣ ಎಲೆಯ ಗಿಡ. ಎಲೆ ಎಣ್ಣೆ ಒರೆಸಿದ ಹಾಗೆ ಮಿರಮಿರ ಮಿಂಚುತ್ತದೆ. ಹೂ ಬಿಡುವುದಿಲ್ಲ, ಕಾಯಿ ಕಟ್ಟುವುದಿಲ್ಲ. ಬೇಸಿಗೆಯಲ್ಲಿ ಹುಣಸೆ, ಹೊಂಗೆ ಎಲ್ಲ ಬಿಸಿಲಿಗೆ ಬಾಡಿ ನಿಂತಾಗಲೂ ಬೇಲಿ ಒಂದು ಎಲೆ ಉದುರಿಸದೆ ಅದೇ ಹಸಿರಲ್ಲಿ ನಿಂತಿರುತ್ತದೆ. ಅದರ ಮೇಲೆ ಹಕ್ಕಿ ಕೂತದ್ದನ್ನು ನಾನು ನೋಡಿಲ್ಲ. ದಿನಾ ಬೆಳಿಗ್ಗೆ ಬಿಸಿಲೇರುವ ಮೊದಲು ಬೀದಿಯ ಎಲ್ಲ ಮನೆಗಳಿಂದಲೂ ಕತ್ತರಿಯ ಸದ್ದು ಬರುತ್ತದೆ. ಸುತ್ತಲಿನ ಬೇಲಿ ತುಸು ಹೆಚ್ಚು ಕಡಿಮೆಯಾದರೂ ನಡೆಯುತ್ತದೆ, ಕಂಡಿಯನ್ನು ಮಾತ್ರ ಬಿಡುವಂತಿಲ್ಲ. ಕಂಡಿಯೆಂದರೆ ಮನೆಯ ಮುಂದೆ ಒಬ್ಬರು ಹಾದುಹೋಗುವಷ್ಟು ಬಿಟ್ಟ ದಾರಿ. ಗೇಟು ಹಾಕಿ ನೋಡಿದವರಿದ್ದಾರೆ. ಬೇಲಿ ಅದನ್ನು ಕಂಬದ ಸಮೇತ ಒಳಗೆ ಎಳೆದುಕೊಂಡಿತು. ಕಂಡಿಯ ಎರಡೂ ಕಡೆಯಿಂದ ಎಳೆಚಿಗುರು ಕೈಚಾಚುತ್ತಲೇ ಇರುತ್ತದೆ. ಅದನ್ನು ಆ ಮನೆಯವರೇ ಸವರಬೇಕು. ಪಕ್ಕದವರ ಕತ್ತರಿ ಬಿದ್ದರೆ ಅಲ್ಲಿಯೂ ದುಪ್ಪಟ್ಟು ಬೆಳೆಯುತ್ತದೆ, ಕತ್ತರಿಸಿದವರ ಮನೆಯಲ್ಲೂ ಬೆಳೆಯುತ್ತದೆ.

ಸವರದೆ ಬಿಟ್ಟ ಕಂಡಿ ಒಂದು ದಿನ ಕೂಡಿಕೊಳ್ಳುತ್ತದೆ. ಕೂಡಿದ ಬೇಲಿಗೆ ಒಳಗಿನವರ ಕತ್ತರಿ ಹಿಡಿಯುವುದಿಲ್ಲ. ಅದಕ್ಕೆ ನಮ್ಮವರು "ಮನೆ ಹಸಿರಾಯ್ತು" ಅನ್ನುತ್ತಾರೆ. ಹಾಗೆ ಒಂದು ಸಲ ಅಂದು ಮುಗಿಸುತ್ತಾರೆ, ಆಮೇಲೆ ಅಲ್ಲಿದ್ದವರ ಹೆಸರು ಎತ್ತುವುದಿಲ್ಲ. ನಮ್ಮ ಮನೆಯ ಎಡಕ್ಕೆ ಅಂಥದ್ದೊಂದು ಇದೆ. ನನಗೆ ಬುದ್ಧಿ ಬಂದಾಗಿನಿಂದಲೂ ಅದೊಂದು ದೊಡ್ಡ ಹಸಿರು ಗುಡ್ಡೆ ಅಷ್ಟೇ. ಮಕ್ಕಳು ಅದರ ಕಡೆ ಚೆಂಡು ಹೋದರೆ ತರಲು ಹೋಗುವುದಿಲ್ಲ.

ನಮ್ಮ ಬಲಕ್ಕೆ ತುಂಗಕ್ಕನ ಮನೆ. ಅವರು ಬ್ಲೌಸ್ ಹೊಲಿಯುತ್ತಿದ್ದರು. ಒಬ್ಬರೇ ಇದ್ದರು. ಗಂಡನ ವಿಷಯ ಯಾರಾದರೂ ಕೇಳಿದರೆ "ಅಳತೆ ತಪ್ಪೋಯ್ತು, ಬಿಚ್ಚಿಹಾಕ್ದೆ," ಎಂದು ನಗುತ್ತಿದ್ದರು. ಅವರ ಮನೆಗೂ ನಮ್ಮ ಮನೆಗೂ ನಡುವಿನ ಬೇಲಿ ಒಂದೇ. ನಮ್ಮ ಮೈ ನಾವು ಸವರುತ್ತೇವೆ, ಅವರ ಮೈ ಅವರು. ನಾನು ಕತ್ತರಿ ಹಿಡಿದು ನಿಂತ ಕೂಡಲೇ ಆ ಕಡೆಯಿಂದ ಮಾತು ಶುರುವಾಗುತ್ತಿತ್ತು.

"ಏನೇ ಮೇದಿನೀ, ಬೇಲಿಗೆ ಕ್ರಾಪು ಹೊಡೀತಿದೀಯಾ? ಇವತ್ತು ಯಾವ ಹೀರೋ ಸ್ಟೈಲು?"

ನಾನು ನಗುತ್ತಿದ್ದೆ. ಆದರೆ ನಗು ಬೇಲಿ ದಾಟಿ ಹೋಗುವುದಿಲ್ಲವಲ್ಲ.

"ಸರಿ ಬಿಡು, ನೀನು ಮಾತಾಡ್ಬೇಡ. ಇಬ್ಬರ ಮಾತೂ ನಾನೇ ಆಡ್ತೀನಿ. 'ತುಂಗಕ್ಕಾ, ಕಾಫಿ ಆಯ್ತಾ?' ಆಯ್ತು ಕಣಮ್ಮ, ನೀನಾದ್ರೂ ಕೇಳಿದ್ಯಲ್ಲ, ದೊಡ್ಡ ಮನಸ್ಸು. 'ಏನು ತಿಂಡಿ ತುಂಗಕ್ಕಾ?' ನಿನ್ನೆದೇ ಉಪ್ಪಿಟ್ಟು ಕಣಮ್ಮ, ಇಟ್ಟಿಗೆ ಆಗಿದೆ, ನಿಮ್ಮ ಜಗುಲಿಗೆ ಬೇಕಾದ್ರೆ ಹೇಳು."

ಜಗುಲಿಯ ಮೇಲಿದ್ದ ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಆಮೇಲೆ ದಿನವಿಡೀ ಆ ಕಡೆಯಿಂದ ಕಾಲುಮೆಷಿನ್ನಿನ ಸದ್ದು. ಒಂದು ಉದ್ದನೆಯ ಓಟ, ಸ್ವಲ್ಪ ತಡೆ, ಮತ್ತೆ ಓಟ. ನಾನು ಓದುವುದು, ಬರೆಯುವುದು ಎಲ್ಲ ಆ ಸದ್ದಿನ ಪಕ್ಕದಲ್ಲೇ.

ಈ ಮಳೆಗಾಲದಲ್ಲಿ ಬೀದಿಯಲ್ಲಿ ಕೀಲು ಹಿಡಿಯುವ ಜ್ವರ ಬಂತು. ನಮ್ಮ ಮನೆಗೆ ಬರಲಿಲ್ಲ. ತುಂಗಕ್ಕನಿಗೆ ಬಂತು. ಜ್ವರ ಇಳಿದರೂ ಕೈಬೆರಳು ಮಡಿಸಲು ಬರಲಿಲ್ಲ. ಒಂದು ಬೆಳಿಗ್ಗೆ ನಾನು ಹಾಲು ತರಲು ಹೊರಟಾಗ ಅವರು ತಮ್ಮ ಕಂಡಿಯಲ್ಲಿ ನಿಂತು, ಎರಡು ಅಂಗೈಗಳ ನಡುವೆ ಕತ್ತರಿಯ ಹಿಡಿಯನ್ನು ಒತ್ತಿಕೊಂಡು, ಮೊಣಕೈಯಿಂದ ಮುಚ್ಚಿಸಲು ನೋಡುತ್ತಿದ್ದರು. ಎಲೆ ಬಾಗಿತು, ತುಂಡಾಗಲಿಲ್ಲ. ಮಳೆಗಾಲದ ಚಿಗುರು ಅದು, ಕಂಡಿ ಆಗಲೇ ಅರ್ಧವಾಗಿತ್ತು.

"ನೋಡೇ ಬೆರಳು, ಎಳೇ ಬದನೆಕಾಯಿ ಥರ ಆಗಿದೆ. ಎಣ್ಣೆಗಾಯಿ ಮಾಡ್ಬಹುದು," ಎಂದರು.

ಅವರ ಆಚೆ ಮನೆಯ ವನಜಾಕ್ಷಮ್ಮ ತಮ್ಮ ಕಂಡಿಯಲ್ಲಿ ನಿಂತು ನೋಡುತ್ತಿದ್ದರು. "ಯಾರನ್ನಾದ್ರೂ ನೆಂಟರನ್ನ ಕರೆಸ್ಕೊಳ್ರೀ ತುಂಗಾ. ಹೀಗೆ ಬಿಟ್ರೆ ಹೇಗೆ? ನಮ್ಮ ಬ್ಲೌಸ್ ಬೇರೆ ನಿಮ್ಹತ್ರಾನೇ ಇದೆ. ಮದುವೆ ಹತ್ರ ಬಂತು."

"ನೆಂಟರು ಇದಾರೆ ವನಜಾಕ್ಷಮ್ಮ. ಎಲ್ರೂ ಅವರವರ ಕಂಡಿ ಕಾಯ್ತಿದಾರೆ," ಎಂದರು ತುಂಗಕ್ಕ.

ನಮ್ಮನೆಗೆ ಬಂದುಬಿಡಿ ಅಂತ ಹೇಳಬೇಕೆಂದು ನನ್ನ ಗಂಟಲಿನ ತನಕ ಬಂತು. ಆದರೆ ಬೇಲಿ ಬಿಟ್ಟು ಬಂದವರನ್ನು ನಮ್ಮ ಊರಿನಲ್ಲಿ ಯಾರೂ ಒಳಗೆ ಸೇರಿಸುವುದಿಲ್ಲ. ಅವರ ಬೇಲಿ ಅವರ ಹಿಂದೆಯೇ ಬರುತ್ತದೆ ಅನ್ನುತ್ತಾರೆ. ಒಳಗೆ ಅಮ್ಮ ಒಂದೇ ಕೈಯಲ್ಲಿ ಹಿಟ್ಟು ಕಲಸುತ್ತಿದ್ದಳು. ನಾನು ಹಾಲಿನ ಪಾತ್ರೆಯನ್ನು ಎದೆಗೆ ಒತ್ತಿಕೊಂಡು ನಿಂತೇ ಇದ್ದೆ. ತುಂಗಕ್ಕ ನನ್ನ ಮುಖ ನೋಡಿದರು.

"ಹೋಗೇ, ಹಾಲು ಖಾಲಿಯಾಗತ್ತೆ. ನಿನ್ನ ಕಣ್ಣಲ್ಲಿ ಇರೋದನ್ನ ಬಾಯಿಗೆ ತರ್ಬೇಡ. ಅಮ್ಮನ್ನ ನೋಡ್ಕೋ."

ಅದಾಗಿ ಕೆಲವೇ ದಿನಕ್ಕೆ ಒಂದು ಬೆಳಿಗ್ಗೆ ಬಾಗಿಲು ತೆರೆದು ನೋಡಿದಾಗ ಬಲಗಡೆ ಕಂಡಿ ಇರಲಿಲ್ಲ. ಬೇಲಿ ಈ ತುದಿಯಿಂದ ಆ ತುದಿಗೆ ಸರಾಗವಾಗಿ ಹೋಗಿತ್ತು. ಇಲ್ಲೊಂದು ದಾರಿ ಇತ್ತು, ಅದರಲ್ಲಿ ಹೆಂಗಸರು ಬಟ್ಟೆ ಗಂಟು ಹಿಡಿದು ಹೋಗಿಬಂದು ಮಾಡುತ್ತಿದ್ದರು ಎಂದು ಹೇಳಿದರೆ ಯಾರೂ ನಂಬದಷ್ಟು ಸರಾಗ. ತುದಿಯ ಎಳೆಚಿಗುರಿನ ಮೇಲೆ ಮಳೆಹನಿ ನಿಂತಿತ್ತು. ಎತ್ತರವೂ ಏರಿತ್ತು, ಮನೆಯ ಹೆಂಚು ಮಾತ್ರ ಅಂಗೈಯಗಲ ಕಾಣುತ್ತಿತ್ತು. ಪೇಪರಿನವನು ನಮ್ಮ ಮನೆಗೆ ಹಾಕಿ, ಸೈಕಲ್ ತುಳಿದು, ನೇರ ವನಜಾಕ್ಷಮ್ಮನ ಮನೆಯ ಮುಂದೆ ಗಂಟೆ ಬಾರಿಸಿದ. ನಡುವೆ ಕತ್ತು ಸಹ ತಿರುಗಿಸಲಿಲ್ಲ. ಅಂಗಡಿಗೆ ಹೋದಾಗ ಬಸಣ್ಣ ಕೊತ್ತಂಬರಿ ಕಟ್ಟುತ್ತಾ, "ನಿಮ್ಮ ಪಕ್ಕದ ಮನೆ ವನಜಾಕ್ಷಮ್ಮ ಬೆಲ್ಲ ಕೇಳಿದ್ರು, ಬಂದಿದೆ ಅಂತ ಹೇಳಮ್ಮ," ಎಂದ.

ಪಕ್ಕದ ಮನೆ ಎಂದು ಅವನು ಎಷ್ಟು ಸಲೀಸಾಗಿ ಅಂದ! ಎಡಕ್ಕೂ ಹಸಿರು, ಬಲಕ್ಕೂ ಹಸಿರು, ನಡುವೆ ನಾವು. ನಾಳೆ ನನಗೆ ಜ್ವರ ಬಂದರೆ ಬಸಣ್ಣ ಯಾರಿಗೆ ಯಾರನ್ನು ಪಕ್ಕದ ಮನೆ ಅಂದಾನು ಎಂದು ಯೋಚಿಸುತ್ತಾ ಬಂದೆ.

"ಆ ಕಡೆ ನೋಡ್ಬೇಡ," ಎಂದಳು ಅಮ್ಮ. ಅಷ್ಟೇ.

ಮಧ್ಯಾಹ್ನ ಊಟ ಮಾಡುತ್ತಿದ್ದಾಗ ಮೆಷಿನ್ನಿನ ಸದ್ದು ಕೇಳಿಸಿತು. ಓಟ, ತಡೆ, ಮತ್ತೆ ಓಟ. ನನ್ನ ಕೈಯ ತುತ್ತು ಅಲ್ಲೇ ನಿಂತಿತು. ಅಮ್ಮ ತಟ್ಟೆಯಿಂದ ಕಣ್ಣು ಎತ್ತದೆ, "ಮಜ್ಜಿಗೆ ಹಾಕ್ಕೋ," ಎಂದಳು. ನಾನು ಹಾಕಿಕೊಂಡೆ. ಬೀದಿಯಲ್ಲಿ ಹೋಗುತ್ತಿದ್ದವರಿಗೂ ಆ ಸದ್ದು ಕೇಳಿಸಿರಬೇಕು. ಎಲ್ಲರೂ ಅಲ್ಲಿ ಬಂದಾಗ ಸ್ವಲ್ಪ ಜೋರಾಗಿ ಮಾತಾಡಿಕೊಂಡು ದಾಟುತ್ತಿದ್ದರು.

ಮರುದಿನ ಬೆಳಿಗ್ಗೆ ನಾನು ನಡುಬೇಲಿಯ ನಮ್ಮ ಮೈ ಸವರುತ್ತಿದ್ದೆ. ಎದೆಮಟ್ಟಕ್ಕೆ ಬಂದಾಗ, ಎಲೆಗಳ ಆಚೆಯಿಂದ, ತೀರಾ ಹತ್ತಿರದಲ್ಲಿ ದನಿ ಬಂತು.

"ಮೇದಿನೀ, ನೀನೇ ತಾನೆ? ನಿನ್ನ ಕತ್ತರಿ ಸದ್ದು ನಂಗೆ ಗೊತ್ತಾಗತ್ತೆ. ಕುಂಟ್ಕೊಂಡು ಕುಂಟ್ಕೊಂಡು ಬರತ್ತೆ."

ನಾನು ಕತ್ತರಿ ನಿಲ್ಲಿಸಿದೆ.

"ಅಕ್ಕಿ ಇದೆ. ಬಾವಿ ಇದೆ. ಊಟಕ್ಕೇನೂ ಯೋಚನೆ ಇಲ್ಲ. ಬೆರಳು ಸ್ವಲ್ಪ ಸ್ವಲ್ಪ ಆಡ್ತಿದೆ. ಆದ್ರೆ ಮನೆ ಒಳಗಡೆ ಕತ್ಲೆ ಕಣೇ. ಬೆಳಿಗ್ಗೇನೂ ದೀಪ ಹಚ್ಕೊಂಡು ಕೂತ್ಕೋಬೇಕು, ಕಿಟಕಿ ತನಕ ಬಂದ್ಬಿಟ್ಟಿದೆ. ಇದೀಯೇನೇ? ಮಾತಾಡ್ಬೇಡ, ನಂಗೊತ್ತು. ಕೆಮ್ಮಾದ್ರೂ ಕೆಮ್ಮೇ."

ನಾನು ಕೆಮ್ಮಲಿಲ್ಲ. ಹಸಿರಾದ ಮನೆಯೊಳಗಿಂದ ಕರೆದರೆ ಓಗೊಡಬಾರದು ಎಂದು ನಮಗೆ ನಡೆಯಲು ಕಲಿಸುವಾಗಲೇ ಕಲಿಸಿರುತ್ತಾರೆ. ಕೆಮ್ಮು ಗಂಟಲಲ್ಲಿ ಎದ್ದು ನಿಂತಿತ್ತು, ನಾನು ಅದನ್ನು ಉಗುಳಿನ ಜೊತೆ ನುಂಗಿದೆ. ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟು, ತುದಿಗಾಲಲ್ಲಿ ಒಳಗೆ ಬಂದೆ. ಒಳಗೆ ಬಂದ ಮೇಲೆ ಕೆಮ್ಮು ತಡೆಯಲಾಗದೆ ಬಂತು, ಕಣ್ಣಲ್ಲಿ ನೀರು ಬರುವಷ್ಟು. ಅಮ್ಮ ನನ್ನ ಬೆನ್ನು ಸವರಿದಳು.

ಆಮೇಲಿನ ದಿನಗಳಲ್ಲಿ ನಾನು ಅಲ್ಲಿ ಕತ್ತರಿಸುವಾಗ ಕಿವಿಗೆ ಹತ್ತಿ ಇಟ್ಟುಕೊಂಡೆ. ಹತ್ತಿ ಇಟ್ಟರೆ ಮಾತು ಕೇಳದು ನಿಜ, ಅವರು ಮಾತಾಡುತ್ತಿದ್ದಾರೆ ಅನ್ನುವುದು ಮಾತ್ರ ಗೊತ್ತಾಗುತ್ತದೆ. ಅದು ಇನ್ನೂ ಕೆಟ್ಟದ್ದು. ನಮ್ಮ ಕಂಡಿಯೂ ಅವಸರ ಮಾಡತೊಡಗಿತ್ತು. ಬೆಳಿಗ್ಗೆ ಸವರಿದ್ದು ಸಂಜೆಗೆ ಮತ್ತೆ ತೋಳಿಗೆ ತಾಗುತ್ತಿತ್ತು. ಮಳೆ ಜಾಸ್ತಿ, ಅದಕ್ಕೇ ಎಂದಳು ಅಮ್ಮ. ನಾನು ಎರಡು ಹೊತ್ತೂ ಕತ್ತರಿ ಹಿಡಿದೆ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಬೆರಳು ಬೆಳಿಗ್ಗೆ ಏಳುವಾಗ ಬಿಗಿದುಕೊಂಡಿದ್ದರೆ ಮೊದಲು ಮಡಿಸಿ ಬಿಡಿಸಿ ನೋಡಿಕೊಳ್ಳುತ್ತಿದ್ದೆ. ಮಡಿಸಲು ಬಂದರೆ ಉಸಿರು ಬಿಡುತ್ತಿದ್ದೆ.

ಒಂದು ದಿನ ನಡುಬೇಲಿಯ ಬುಡದಲ್ಲಿ, ಎಲೆ ತೆಳುವಾಗಿದ್ದ ಕಡೆ, ಏನೋ ಕೆಂಪಗೆ ಕಂಡಿತು. ರಕ್ತವೆಂದು ಹಿಂದೆ ಸರಿದೆ. ಅದು ಅಲುಗಾಡಿತು. ಒಂದು ಕೋಲಿನ ತುದಿ ಅದನ್ನು ಈ ಕಡೆಗೆ ನೂಕುತ್ತಿತ್ತು. ರೇಷ್ಮೆ ಬ್ಲೌಸ್. ಮಾವಿನಹಣ್ಣಿನ ಬಣ್ಣದ ಅಂಚು, ತೋಳಿಗೆ ಸಣ್ಣ ಪೈಪಿಂಗ್. ಹೊಲಿಗೆ ಅಲ್ಲಲ್ಲಿ ಸೊಟ್ಟಗಾಗಿತ್ತು, ತುಂಗಕ್ಕನ ಕೈಯಲ್ಲಿ ಹಾಗಾದದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಹತ್ತಿ ತೆಗೆದೆ.

"ವನಜಾಕ್ಷಮ್ಮಂದು. ಮದುವೆ ಹತ್ರ ಬಂತಲ್ಲ, ಕೊಟ್ಬಿಡೇ. ಹುಕ್ಕು ಹಾಕೋಕೆ ಆಗ್ಲಿಲ್ಲ ಅಂತ ಹೇಳು. ಸೂಜಿ ಹಿಡಿಯೋಷ್ಟು ಬೆರಳು ಇನ್ನೂ ಬಂದಿಲ್ಲ. ಹೇಳೋದು ಬೇಡ ಬಿಡು, ನೀನೆಲ್ಲಿ ಹೇಳ್ತೀಯ. ಕೈಗೆ ಕೊಟ್ಟು ಓಡಿ ಬಾ."

ಸಂಜೆ ಅದನ್ನು ದಿನಪತ್ರಿಕೆಯಲ್ಲಿ ಸುತ್ತಿ ವನಜಾಕ್ಷಮ್ಮನಿಗೆ ಕೊಟ್ಟೆ. ಅವರು ಬಿಚ್ಚಿ ನೋಡಿದರು. ಮುಖದ ಮೇಲೆ ಸಂತೋಷ ಬಂದದ್ದು ನಿಜ, ಕಂಡೆ. ಆಮೇಲೆ ಅದು ಎಲ್ಲಿಂದ ಬಂತು ಎಂದು ಅರ್ಥವಾಗಿ ತುಟಿ ಬಿಳಿಚಿಕೊಂಡಿತು. ಬಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಬೆರಳಿನಿಂದ ಹೊಲಿಗೆ ಸವರಿ, ಮಡಿಚಿ ಕಂಕುಳಲ್ಲಿಟ್ಟುಕೊಂಡರು.

"ಇದನ್ನ ನೀನು ಕೊಟ್ಟಿಲ್ಲ. ನಾನು ಇಸ್ಕೊಂಡಿಲ್ಲ. ತಿಳೀತಾ?"

ನಾನು ತಲೆಯಾಡಿಸಿದೆ. ಮರುದಿನ ನಲ್ಲಿಯ ಹತ್ತಿರ ಅವರು ಯಾರಿಗೋ ಹೇಳುತ್ತಿದ್ದರು: "ಪೇಟೇಲಿ ಹೊಲಿಸ್ದೆ ಕಣ್ರೀ. ಅಷ್ಟೇನೂ ಚೆನ್ನಾಗಿಲ್ಲ. ಈಗೆಲ್ಲಿ ಸಿಕ್ತಾರೆ ಒಳ್ಳೆ ಟೈಲರ್‌ಗಳು." ಹೇಳಿ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಬೈಗುಳ ಇರಲಿಲ್ಲ, ಬೇಡಿಕೊಳ್ಳುವ ಹಾಗಿತ್ತು. ನನಗೆ ಅವರ ಮೇಲೆ ಸಿಟ್ಟೂ ಬರಲಿಲ್ಲ. ಕೆಮ್ಮದೆ ಒಳಗೆ ಓಡಿದವಳು ನಾನು.

ಬುಧವಾರ ಬೀದಿಯ ಯಜಮಾನರು ಪುಟ್ಟವೀರಯ್ಯನವರು ನಮ್ಮ ಮನೆಗೆ ಬಂದರು. ವಯಸ್ಸಾದರೂ ನೆಟ್ಟಗೆ ನಡೆಯುವವರು, ಮೆಲು ಮಾತಿನವರು. ಕಂಡಿಯಲ್ಲಿ ಬರುವಾಗ ಅವರ ಭುಜಕ್ಕೆ ಎರಡೂ ಕಡೆ ಎಲೆ ತಾಗಿತು. ಅವರು ಒಂದು ಗಳಿಗೆ ನಿಂತು ಎಲೆಯನ್ನು ನೋಡಿದರು, ನಂತರ ಜಗುಲಿಯಲ್ಲಿ ಕೂತು ಅಮ್ಮ ಕೊಟ್ಟ ಕಾಫಿ ಕುಡಿದರು.

"ಶುಕ್ರವಾರ ಬೆಳಿಗ್ಗೆ ಆ ಹಸಿರಾದ ಮನೆ ಮುಂದೆ ಕೇಳೋ ಶಾಸ್ತ್ರ ಇಟ್ಕೊಂಡಿದೀವಮ್ಮ," ಎಂದರು. "ಎರಡು ಪಕ್ಕದ ಮನೆಯವರೂ ಹೇಳ್ಬೇಕಲ್ಲ. ಆ ಕಡೆ ವನಜಾಕ್ಷಮ್ಮ. ಈ ಕಡೆ ನೀವು."

"ನಾನು ಬರ್ತೀನಿ," ಎಂದಳು ಅಮ್ಮ.

"ನೀವು ಬಂದ್ರೆ ಆಗಲ್ಲಮ್ಮ. ಕತ್ತರಿ ಯಾರ ಕೈಲಿದೆಯೋ ಅವರೇ ಬಾಯಿ ಬಿಡ್ಬೇಕು. ಹಿಂದಿನಿಂದ ಬಂದದ್ದು." ಅವರು ನನ್ನ ಕಡೆ ತಿರುಗಿದರು. "ಹೆದರ್ಬೇಡ ಮಗಳೇ. ನಾನು ಕೇಳ್ತೀನಿ, ಒಳಗೆ ಯಾರಾದ್ರೂ ಇದಾರಾ ಅಂತ. ನೀನು ಯಾರೂ ಇಲ್ಲ ಅನ್ನು. ಎರಡು ಮಾತು. ಎಷ್ಟು ಮೆಲ್ಲಗೆ ಅಂದ್ರೂ ಸಾಕು, ಜಾಗಟೆ ಬಾರಿಸ್ತಾರೆ."

ಅವರು ಲೋಟ ಕೆಳಗಿಟ್ಟರು.

"ಇದಾರೆ ಅಂತ ಅಂದ್ರೆ ಏನಾಗತ್ತೆ ಗೊತ್ತಾ ನಿಂಗೆ? ಆಗ ಬೀದಿಗೆ ಬೀದಿಯೇ ಕತ್ತರಿ ತಂದು ಆ ಬೇಲಿಗೆ ನಿಂತ್ಕೋಬೇಕು, ತೆರೆಯೋವರ್ಗೂ. ಅದೂ ಹಿಂದಿನಿಂದ ಬಂದದ್ದೇ. ನಮ್ಮಜ್ಜನ ಕಾಲದಲ್ಲಿ ಒಬ್ಬಳು ಹಾಗೆ ಅಂದ್ಲಂತೆ. ಎಲ್ರೂ ಹೋಗಿ ನಿಂತ್ರು. ಆ ಮನೆ ತೆರೀತು, ಒಳಗಿದ್ದೋರು ಬಂದ್ರು. ಇವರು ತಿರುಗಿ ನೋಡ್ತಾರೆ, ಬೆನ್ನ ಹಿಂದೆ ಎದುರು ಸಾಲಿನ ಅರ್ಧ ಮನೆ ಹಸಿರು. ಅದ್ರಲ್ಲಿ ನಮ್ಮಜ್ಜಿ ಇದ್ಲು." ಅವರು ಎದ್ದರು. "ಮಳೆಗಾಲ ಮಗಳೇ. ನಿಮ್ಮ ಕಂಡೀನೂ ನೋಡ್ದೆ. ನೀನು ಅಲ್ಲಿ ನಿಂತ್ರೆ ಇಲ್ಲಿ ಕತ್ತರಿ ಹಿಡಿಯೋಕೆ ನಿಮ್ಮಮ್ಮಂಗೆ ಆಗಲ್ಲ."

ಅವರು ಹೋದ ಮೇಲೆ ಅಮ್ಮ ತುಂಬ ಹೊತ್ತು ಲೋಟ ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು. ಆಮೇಲೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ನನ್ನನ್ನು ಕರೆದಳು.

"ಎಡಗಡೆ ಮನೇಲಿ ಇದ್ದೋರ ಹೆಸರು ಗೊತ್ತಾ ನಿಂಗೆ?"

"ಇಲ್ಲ."

"ಲೋಕಮ್ಮ. ಅವಳ ಗಂಡ. ಕೈಗೂಸು. ನಿಂಗಾಗ ಹಾಲುಹಲ್ಲು ಬಿದ್ದಿರ್ಲಿಲ್ಲ. ಕತ್ತರಿ ನನ್ನ ಕೈಲಿತ್ತು. ನಾನೇ ಹೇಳಿದ್ದು, ಯಾರೂ ಇಲ್ಲ ಅಂತ." ಅಮ್ಮ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಲೇ ಇದ್ದಳು. "ಆಮೇಲೂ ಸ್ವಲ್ಪ ದಿನ ತಟ್ಟೋ ಸದ್ದು ಬರ್ತಿತ್ತು. ತಟ್ಟೆ ಮೇಲೆ ಚಮಚದಲ್ಲಿ ಬಡಿದ ಹಾಗೆ. ನಾನು ಆ ಕಡೆ ಕಿಟಕಿಗೆ ಬೀರು ಅಡ್ಡ ಇಟ್ಟೆ. ಆಮೇಲೆ ನಿಂತೋಯ್ತು."

ಆ ಬೀರು ಇವತ್ತಿಗೂ ಅಲ್ಲೇ ಇದೆ. ಅದರ ಹಿಂದೆ ಕಿಟಕಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ.

"ನೋಡು, ನಾವಿದೀವಲ್ಲ," ಎಂದಳು ಅಮ್ಮ. "ನೀನು ಓದ್ದೆ. ದೊಡ್ಡೋಳಾದೆ. ಹೇಳ್ದೇ ಇದ್ದಿದ್ರೆ ಏನಾಗ್ತಿತ್ತೋ. ಎರಡೇ ಮಾತು ಕಣೇ ಮೇದಿನಿ. ನೀನು ಯಾವತ್ತೂ ಯಾರೆದುರಿಗೂ ಮಾತಾಡಿದವಳಲ್ಲ. ಇದೊಂದು ಸಲ ಆಡ್ಬಿಡು, ಆಮೇಲೆ ಜನ್ಮಪೂರ್ತಿ ಸುಮ್ನಿರು, ನಾನೇನೂ ಅನ್ನಲ್ಲ."

ಹೇಳುತ್ತಾ ಅವಳು ಅಳುತ್ತಿದ್ದಳು. ಅಮ್ಮ ಅಳುವುದನ್ನು ನಾನು ಅಪ್ಪ ಹೋದಾಗ ನೋಡಿದ್ದೆ. ಇದು ಬೇರೆ ಥರದ ಅಳು, ಮುಖ ಅಲುಗದೆ ನೀರು ಮಾತ್ರ ಇಳಿಯುವಂಥದ್ದು.

ಶುಕ್ರವಾರದ ತನಕ ನಾನು ಆ ಎರಡು ಮಾತನ್ನು ಅಭ್ಯಾಸ ಮಾಡಿದೆ. ಪಾತ್ರೆ ತಿಕ್ಕುವಾಗ, ಕತ್ತರಿಗೆ ಎಣ್ಣೆ ಬಿಡುವಾಗ, ತುಟಿ ಅಲ್ಲಾಡಿಸಿ. ಸರಾಗವಾಗಿ ಬರುತ್ತಿತ್ತು. ಅಷ್ಟು ಸರಾಗವಾಗಿ ನನಗೆ ಯಾವ ಮಾತೂ ಬಂದದ್ದಿಲ್ಲ. ಅದಕ್ಕೇ ಹೆಚ್ಚು ಹೆದರಿಕೆಯಾಯಿತು. ಗುರುವಾರ ಬೆಳಿಗ್ಗೆ ನಡುಬೇಲಿಯ ಆಚೆ ತುಂಗಕ್ಕ ಹೇಳಿದರು: "ನಾಳೆ ಕೇಳ್ತಾರಲ್ವೇನೇ? ದಿನ ಲೆಕ್ಕ ಹಾಕ್ದೆ. ನೀನೇ ತಾನೆ ಹೇಳ್ಬೇಕಾದ್ದು." ಹೋದರು ಅಂದುಕೊಂಡೆ. "ಯಾರೂ ಇಲ್ಲ ಅಂದ್ರೂ ನಾನು ಬೇಜಾರು ಮಾಡ್ಕೊಳಲ್ಲ. ಆದ್ರೆ ಮೇದಿನಿ, ನಂಗೆ ತುಂಬ ಭಯ ಆಗ್ತಿದೆ ಕಣೇ." ಅಷ್ಟು ದಿನ ಎಲ್ಲದಕ್ಕೂ ತಮಾಷೆ ಮಾಡಿದ ದನಿ. ಇಬ್ಬರ ಮಾತನ್ನೂ ಆಡುತ್ತಿದ್ದವರು ಅವತ್ತು ತಮ್ಮದೊಂದನ್ನೇ ಆಡಿ ಸುಮ್ಮನಾದರು.

ಶುಕ್ರವಾರ ಮಳೆ ಬಿಟ್ಟಿತ್ತು. ಬೀದಿಯವರೆಲ್ಲ ತಲೆಗೆ ಸ್ನಾನ ಮಾಡಿ ಬಂದು ಆ ಬೇಲಿಯ ಮುಂದೆ ನಿಂತಿದ್ದರು. ಹೆಂಗಸರು ಬುಡಕ್ಕೆ ಅರಿಶಿನ ಕುಂಕುಮ ಹಾಕಿದರು. ಅಂಗಡಿ ಬಸಣ್ಣ ಜಾಗಟೆ ಹಿಡಿದಿದ್ದ. ಎಲ್ಲರೂ ಆಗಾಗ ಕತ್ತು ತಿರುಗಿಸಿ ತಮ್ಮ ತಮ್ಮ ಕಂಡಿಯ ಕಡೆ ನೋಡಿಕೊಳ್ಳುತ್ತಿದ್ದರು. ನಾನೂ ನೋಡಿದೆ. ಬೆಳಿಗ್ಗೆ ಸವರಿದ್ದೆ, ಆಗಲೇ ಎರಡು ಎಳೆಗಳು ಎದುರುಬದುರು ಬಾಗಿದ್ದವು. ಅಮ್ಮ ನನ್ನ ಪಕ್ಕದಲ್ಲಿ, ಸರಿಯಿದ್ದ ಎಡಗೈಯಿಂದ ನನ್ನ ಮೊಣಕೈ ಹಿಡಿದು ನಿಂತಿದ್ದಳು.

ಒಳಗೆ ಮೆಷಿನ್ ಓಡುತ್ತಿತ್ತು. ಎಲ್ಲರಿಗೂ ಕೇಳುತ್ತಿತ್ತು. ಯಾರೋ ಕೆಮ್ಮಿದರು, ಯಾರೋ ಮಗುವಿಗೆ ಸುಮ್ಮನೆ ಬೈದರು.

ಯಜಮಾನರು ಬೇಲಿಯ ಕಡೆ ಮುಖ ಮಾಡಿ ಜೋರಾಗಿ ಕೇಳಿದರು: "ಒಳಗೆ ಯಾರಾದ್ರೂ ಇದಾರಾ?"

ಮೆಷಿನ್ ನಿಂತಿತು.

ಅದು ನಿಂತದ್ದೂ ಎಲ್ಲರಿಗೂ ಕೇಳಿಸಿತು. ಬಸಣ್ಣನ ಕೈ ತಡವಾಯಿತು. ಆಮೇಲೆ ಜಾಗಟೆ ಬಡಿದ, ಬೇಕಾದ್ದಕ್ಕಿಂತ ಜೋರಾಗಿ, ಬಹಳ ಹೊತ್ತು. ಒಳಗಿನಿಂದ ಏನಾದರೂ ಬಂದಿದ್ದರೆ ಅದರಡಿ ಹೋಯಿತು. ಸದ್ದು ಇಳಿದ ಮೇಲೆ ಯಜಮಾನರು ವನಜಾಕ್ಷಮ್ಮನ ಕಡೆ ನೋಡಿದರು. ವನಜಾಕ್ಷಮ್ಮ ನೆಲ ನೋಡುತ್ತಾ, ಒಂದೇ ಉಸಿರಿಗೆ, "ಯಾರೂ ಇಲ್ಲ," ಎಂದರು. ಮತ್ತೆ ಜಾಗಟೆ.

ಯಜಮಾನರು ನನ್ನ ಕಡೆ ತಿರುಗಿದರು. ಇಷ್ಟೊಂದು ಮುಖಗಳು ಒಟ್ಟಿಗೆ ನನ್ನನ್ನು ನೋಡಿದ್ದು ನನ್ನ ಜೀವನದಲ್ಲೇ ಮೊದಲು. ಬಾಯಿ ತೆರೆದರೆ ಆ ಅಭ್ಯಾಸ ಮಾಡಿದ ಎರಡು ಮಾತು ತಾನಾಗಿ ಬಂದುಬಿಡುತ್ತದೆ ಎಂದು ಗೊತ್ತಿತ್ತು, ಹಾಗಾಗಿ ಬಾಯಿ ತೆರೆಯಲಿಲ್ಲ. ಅಮ್ಮನ ಬೆರಳು ಮೊಣಕೈಯನ್ನು ಒತ್ತಿತು. ಎಲೆಗಳ ಆಚೆ, ಒಳಗಡೆ, ಯಾರೋ ಉಸಿರು ಬಿಗಿಹಿಡಿದು ನಿಂತಿರುವ ಹಾಗಿತ್ತು. ಅಥವಾ ಅದು ನನ್ನ ಉಸಿರೇ ಇರಬಹುದು.

"ಹೇಳು ಮಗಳೇ," ಎಂದರು ಯಜಮಾನರು. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. ಅವರಿಗೂ ಹೆದರಿಕೆ ಇತ್ತು. ಎದುರು ಸಾಲಿನಲ್ಲಿ ಒಬ್ಬಳು ಮಗುವನ್ನು ಬಗಲಿಗೇರಿಸಿಕೊಂಡು ತನ್ನ ಕಂಡಿಯ ಕಡೆ ಆಗಲೇ ಎರಡು ಹೆಜ್ಜೆ ಹಿಂದೆ ಸರಿದಿದ್ದಳು. ಬಸಣ್ಣ ಕೋಲು ಎತ್ತಿ ಹಿಡಿದು, ನನ್ನ ತುಟಿಯನ್ನೇ ನೋಡುತ್ತಿದ್ದ, ನಾನು ಮುಗಿಸಿದ ಕೂಡಲೇ ಬಡಿಯಲು.

ನಾನು ಬಸಣ್ಣನ ಹತ್ತಿರ ಹೋಗಿ ಜಾಗಟೆಯ ಮೇಲೆ ಅಂಗೈ ಇಟ್ಟೆ. ಅದು ಇನ್ನೂ ಸಣ್ಣಗೆ ನಡುಗುತ್ತಿತ್ತು. ನಡುಕ ನಿಲ್ಲುವ ತನಕ ಕಾದೆ.

"ಇದಾರೆ," ಎಂದೆ. "ತುಂಗಕ್ಕ ಒಳಗೇ ಇದಾರೆ."